ಮಂಗಳವಾರದ ಕವಲು

ಮೆಟ್ಟಿಲು ಹತ್ತಿ ಬಂದ ಶಕುಂತಲಮ್ಮ, ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಹೆಗಲ ಮೇಲೆ ಹೊತ್ತು ತಂದಿದ್ದ ಸೀರೆಯನ್ನು ಪ್ರಮೋದಾಳ ಮೇಜಿನ ಮೇಲೆ, ಕೀಬೋರ್ಡು ಕಾಫಿ ಲೋಟ ಒಂದನ್ನೂ ಲೆಕ್ಕಿಸದೆ ಹರಡಿ, ಅಂಚಿನ ಒಂದು ಜಾಗದಲ್ಲಿ ಬೆರಳಿಟ್ಟರು.

"ನೋಡು ತಾಯಿ. ನಮ್ಮತ್ತೆ ಕಾಲದಿಂದ ಮಗ್ಗದ ಮನೇಲೇ ಬದುಕ್ತಿದೀನಿ. ಕತ್ತು ಮುರ್ಕೊಂಡ ನವಿಲನ್ನ ಇವತ್ತೇ ಕಂಡಿದ್ದು. ಇದನ್ನ ಯಾವ ಮದುವಣಗಿತ್ತಿಗೆ ಉಡ್ಸೋದು, ನೀನೇ ಹೇಳು."

ಅಂಚಿನ ಉದ್ದಕ್ಕೂ ನವಿಲುಗಳು ಒಂದರ ಹಿಂದೊಂದು ನಡೆದು ಬರುತ್ತಿದ್ದವು. ಶಕುಂತಲಮ್ಮನ ಬೆರಳಿನ ಕೆಳಗಿದ್ದ ನವಿಲಿಗೆ ಮಾತ್ರ ಮೈ ಒಂದು ಕಡೆ, ತಲೆ ಒಂದು ಕಡೆ. ನಡುವೆ ಜರಿಯ ಅಡ್ಡಗೆರೆ. ಅಲ್ಲಿಂದ ಮುಂದೆ ಮತ್ತೆ ಎಲ್ಲವೂ ಸರಿ. ಪ್ರಮೋದಾಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೇಯುವಾಗ ಕರೆಂಟು ಹೋಗಿ ಬಂದಿದೆ. ಬಂದ ಮೇಲೆ, ತಾನು ಎಲ್ಲಿ ನಿಂತಿದ್ದೆ ಎಂಬುದು ಮಗ್ಗಕ್ಕೆ ಮರೆತುಹೋಗಿದೆ.

"ಎಷ್ಟು ಮನೇಲಿ ಹಿಂಗಾಗಿದೆ ಶಕುಂತಲಮ್ಮ?"

"ನಮ್ಮ ಬೀದೀಲಿ ಯಾರ ಮನೇಲಿ ಆಗಿಲ್ಲ ಅಂತ ಕೇಳು. ಹೋದ ವಾರ ನಿಮ್ಮೋರು ಬಂದು ಹೊಸದು ಹಾಕಿ ಹೋದ್ರಲ್ಲ, ಅವತ್ತಿಂದ." ಪಕ್ಕದ ಮೇಜಿನ ಕಡೆ ತಿರುಗದೆಯೇ ಆಕೆ ದನಿ ಏರಿಸಿದರು. "ಅಳಿಯಂದ್ರು ಇಲ್ಲೇ ಇದಾರೆ, ಅವರನ್ನೇ ಕೇಳೋಣ ಅಂದ್ರೆ ಅವರಿಗೂ ಕತ್ತು ಎತ್ತೋಕಾಗ್ತಿಲ್ಲ. ನವಿಲಿಗಾದ ಗತೀನೇ ಅವರಿಗೂ ಆಗಿರ್ಬೇಕು."

ಪಕ್ಕದ ಮೇಜಿನ ಶಶಿಕುಮಾರ್ ಎದ್ದು ನಿಂತ. "ಅತ್ತೆ, ಸಂಜೆ ಒಳಗೆ ಹಳೇದನ್ನೇ ವಾಪಸ್ ಹಾಕಿಸ್ತೀನಿ."

"ಹಾಕ್ಸಪ್ಪ. ನೇಯ್ದಿರೋದನ್ನ ಬಿಚ್ಚೋರು ಯಾರು?"

ಸೀರೆಯನ್ನು ಅಲ್ಲೇ ಬಿಟ್ಟು ಆಕೆ ಇಳಿದು ಹೋದರು.

ಮಗ್ಗದ ಮೇಲೆ ಕೂತು ಚಿತ್ತಾರ ನೇಯಿಸುವ ಜಕಾರ್ಡಿಗೆ ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂದು ಹೇಳಿಕೊಡುವ ತಂತ್ರಾಂಶ ಹುಟ್ಟಿದ್ದು ಈ ಕಚೇರಿಯಲ್ಲೇ. ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹಿಂದೆ, ಜರಿ ಅಂಗಡಿಯ ಮೇಲಿನ ಎರಡು ಕೋಣೆಗಳು. ತೂತು ಕೊರೆದ ರಟ್ಟುಗಳನ್ನು ಮಾಲೆ ಕಟ್ಟಿ ಮಗ್ಗದ ಮೇಲೆ ತೂಗುಹಾಕುತ್ತಿದ್ದ ಕಾಲ ಮುಗಿಯುತ್ತಿದೆ ಎಂಬುದನ್ನು ಊರಿನಲ್ಲಿ ಮೊದಲು ಕಂಡುಕೊಂಡವರು, ಈ ಕಂಪನಿ ಕಟ್ಟಿದ ರಾಮಲಿಂಗಯ್ಯ. ಅವರು ತಾವೇ ಮುಂದೆ ನಿಂತು ಮೂವರನ್ನು ಕೂರಿಸಿ ಇದನ್ನು ಬರೆಸಿದ್ದರು. ರಾಜಘಟ್ಟದಿಂದ ಬರುತ್ತಿದ್ದ ಪ್ರಮೋದಾ, ನೇಕಾರರ ಮನೆಯ ಶಶಿಕುಮಾರ್, ಮತ್ತೆ ಶ್ರೀಧರ್. ಶ್ರೀಧರ್ ಈ ಕಸುಬನ್ನೇ ಬಿಟ್ಟು ಎಷ್ಟೋ ವರ್ಷವಾಗಿದೆ, ಈಗ ಹೊಸಕೋಟೆಯಲ್ಲಿ ಕಾರು ತೊಳೆಯುವ ಅಂಗಡಿ ಇಟ್ಟಿದ್ದಾನೆ. ಹೋದ ವರ್ಷ ರಾಮಲಿಂಗಯ್ಯನವರಿಗೆ ಕಣ್ಣು ಮಂದವಾಗಿ, ಕಂಪನಿಯನ್ನು ಬೆಂಗಳೂರಿನವರಿಗೆ ಮಾರಿದರು. ಮೇಜು, ಕುರ್ಚಿ, ಗೋಡೆಯ ಚೌಡೇಶ್ವರಿ ಪಟ, ಪ್ರಮೋದಾ, ಶಶಿ ಎಲ್ಲರೂ ಮಾರಾಟದಲ್ಲಿ ಸೇರಿಕೊಂಡೇ ಹೋದರು.

ಬೆಂಗಳೂರಿನಿಂದ ಮೇಲ್ವಿಚಾರಣೆಗೆ ಬಂದ ಅನಿಲ್‌ಕುಮಾರ್ ಒಳ್ಳೆಯ ಮನುಷ್ಯನೇ. ಮೊದಲ ದಿನವೇ ಕೇಳಿದ್ದ. "ಮೇಡಂ, ನಿಮ್ಮ ಕೋಡಿನ ಹಳೇ ಇತಿಹಾಸ ಎಲ್ಲಿದೆ?"

ಪ್ರಮೋದಾ ಮೂಲೆಯ ಹಳೇ ಕಂಪ್ಯೂಟರನ್ನು ತೋರಿಸಿದ್ದಳು. ಒಂದೊಂದು ಬದಲಾವಣೆಯಾದಾಗಲೂ ಇವರು ಇಡೀ ಫೋಲ್ಡರನ್ನೇ ನಕಲು ಮಾಡಿ ಅದರೊಳಗೆ ಇಡುತ್ತಿದ್ದರು. ಇಡುವಾಗ ಆ ಯಂತ್ರವೇ ತನ್ನ ಗಡಿಯಾರ ನೋಡಿಕೊಂಡು ಫೋಲ್ಡರಿಗೆ ತಾರೀಖು, ಗಂಟೆ, ಇಟ್ಟವರ ಹೆಸರು ಬರೆದುಕೊಳ್ಳುತ್ತಿತ್ತು. ಯಾರಾದರೂ ಗಿರಾಕಿ ಬೇರೆ ಥರ ಕೇಳಿದರೆ ಒಂದು ನಕಲನ್ನು ಪಕ್ಕಕ್ಕೆ ಎತ್ತಿಟ್ಟು ಅವರಿಗೆಂದೇ ಬೆಳೆಸುತ್ತಿದ್ದರು. ಅದೇ ಕವಲು.

"ಇದನ್ನೆಲ್ಲ ಗಿಟ್ ಸಿಸ್ಟಂಗೆ ತನ್ನಿ," ಎಂದಿದ್ದ ಅನಿಲ್‌ಕುಮಾರ್. "ಯಾರು, ಯಾವಾಗ, ಏನು ಬದಲಿಸಿದ್ರು ಅಂತ ಒಂದೇ ಸರಪಳೀಲಿ ಕಾಣ್ಬೇಕು. ಕವಲುಗಳನ್ನ ಆಮೇಲೆ ಕೂಡಿಸಿಬಿಡೋಣ. ಒಂದೇ ಆವೃತ್ತಿ, ಎಲ್ಲಾ ಗಿರಾಕಿಗೂ."

ಪ್ರಮೋದಾ ಮಳೆಗಾಲವಿಡೀ ಕೂತು ಅದನ್ನು ಮಾಡಿದ್ದಳು. ಫೋಲ್ಡರುಗಳನ್ನು ಗಂಟೆಯ ಪ್ರಕಾರ ಜೋಡಿಸಿ, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಒಂದೊಂದು ಹೆಜ್ಜೆಯಾಗಿ ಇಳಿಸಿದಳು. ಕವಲುಗಳ ವಿಷಯದಲ್ಲಿ ಮಾತ್ರ ಅವಳೇ ತೀರ್ಮಾನ ಮಾಡಬೇಕಾಗಿ ಬಂತು, ಯಾಕೆಂದರೆ ಒಂದು ಕವಲು ಯಾವ ನಕಲಿನಿಂದ ಒಡೆಯಿತು ಎಂದು ಹಳೇ ಯಂತ್ರ ಬರೆದುಕೊಂಡಿರಲಿಲ್ಲ. ಆ ಗಂಟೆಗೆ ಮೊದಲು, ಎಲ್ಲರಿಗೂ ಹೋಗುತ್ತಿದ್ದ ಮುಖ್ಯ ಸಾಲಿನಲ್ಲಿ ಕೊನೆಗೆ ಬಂದದ್ದು ಯಾವುದೋ ಅದಕ್ಕೇ ಕವಲನ್ನು ಕಟ್ಟುತ್ತ ಹೋದಳು. ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಹಳೇ ಯಂತ್ರ ಗುಜರಿಗೆ ಹೋಯಿತು.

ಹೋದ ವಾರ ಅನಿಲ್‌ಕುಮಾರ್, ಅಗಲ ಅಂಚಿನ ಸೀರೆ ನೇಯುವ ಗಿರಾಕಿಗೆಂದು ಹಿಂದೆ ಬೆಳೆಸಿದ್ದ ದೊಡ್ಡಂಚಿನ ಕವಲನ್ನು ಮುಖ್ಯ ಸಾಲಿಗೆ ಕೂಡಿಸಿದ. ಆ ಹೊಸ ಆವೃತ್ತಿಯೇ ಮಗ್ಗಗಳಿಗೆ ಹೋದದ್ದು. ಕೂಡಿಸುವಾಗ, ಕರೆಂಟು ಹೋದರೂ ನೇಯ್ಗೆ ನಿಂತ ಜಾಗವನ್ನು ನೆನಪಿಟ್ಟುಕೊಳ್ಳುವ ಭಾಗ, ಯಾರಿಗೂ ಹೇಳದೆ, ಮಾಯವಾಗಿತ್ತು.

ಶಕುಂತಲಮ್ಮ ಬಂದು ಹೋದ ಮಾರನೆಯ ದಿನ ಬೆಳಿಗ್ಗೆ ಪರದೆಯ ಮೇಲೆ ಸಭೆ ಕೂತಿತು. ಬೆಂಗಳೂರಿನ ಕಡೆ ನಾಲ್ಕಾರು ಮುಖ, ಈ ಕಡೆ ಪ್ರಮೋದಾ ಮತ್ತು ಶಶಿ.

"ಯಾರನ್ನೂ ದೂರೋಕೆ ಅಲ್ಲ," ಎಂದು ಅನಿಲ್‌ಕುಮಾರ್ ಶುರುಮಾಡಿದ. "ಕೋಡಿನ ಈ ಸಾಲುಗಳನ್ನ ತೆಗೆದಿದ್ದು ಯಾರು ಅಂತ ಕೇಳಿದ್ರೆ ಸಿಸ್ಟಮ್ಮೇ ಹೇಳುತ್ತೆ. ನಾನು ಕೇಳಿದೀನಿ. ನೋಡಿ."

ಪರದೆಯಲ್ಲಿ ಹೆಸರು ಮೂಡಿತು. ಶಶಿಕುಮಾರ್. ಪಕ್ಕದಲ್ಲಿ ಅವನದೇ ಹಳೇ ಟಿಪ್ಪಣಿ: ದೊಡ್ಡಂಚಿನವರಿಗೆ ಬೇರೆ ಪ್ರತಿ. ಸಿಸ್ಟಂ ಹೇಳುತ್ತಿದ್ದದ್ದು ಇಷ್ಟು. ಶ್ರೀಧರ್ ನೆನಪಿನ ಭಾಗವನ್ನು ಸೇರಿಸಿದ. ಅದಾದ ಕೂಡಲೇ ಶಶಿಕುಮಾರ್ ಕವಲು ಒಡೆದ. ಒಡೆಯುವಾಗಲೇ ಆ ಭಾಗವನ್ನು ಕಿತ್ತುಹಾಕಿದ. ಕವಲು ಮುಖ್ಯ ಸಾಲಿಗೆ ಸೇರಿದಾಗ, ಕಿತ್ತುಹಾಕಿದ್ದೂ ಜೊತೆಗೆ ಬಂದು ಸೇರಿತು.

"ನಾನು ತೆಗ್ದಿಲ್ಲ ಸಾರ್," ಎಂದ ಶಶಿ.

"ಹಂಗಾದ್ರೆ ಯಾರು ತೆಗೆದ್ರು?"

"ಗೊತ್ತಿಲ್ಲ ಸಾರ್."

"ನಿಮ್ಮ ಹೆಸರಲ್ಲಿದೆಯಲ್ಲ."

"ಇದೆ ಸಾರ್. ಆದ್ರೂ ನಾನು ತೆಗ್ದಿಲ್ಲ."

ನಿಜ ಹೇಳುವವನ ಮಾತು ಇಷ್ಟು ಬಡವಾಗಿ ಕೇಳಿಸಬಹುದೆಂದು ಪ್ರಮೋದಾಗೆ ಗೊತ್ತಿರಲಿಲ್ಲ. ಬೆಂಗಳೂರಿನ ಕಡೆಯ ಒಬ್ಬರು, ಇವರ ಸಂಬಂಧಿಕರ ಮಗ್ಗವೂ ಕೆಟ್ಟಿದೆಯಂತಲ್ಲ, ಏನಾದರೂ ಮನಸ್ತಾಪವಿತ್ತೇ ಎಂದು ಮೆಲ್ಲಗೆ ಕೇಳಿದರು. ಸಂಜೆಯ ಹೊತ್ತಿಗೆ ಆ ಮಾತು ಅದು ಹೇಗೋ ಶಶಿಯ ಅತ್ತೆಯ ಬೀದಿಯನ್ನೂ ಮುಟ್ಟಿತ್ತು. ನೇಕಾರರ ಮನೆಯಲ್ಲಿ ಹುಟ್ಟಿ ನೇಕಾರರ ಮಗ್ಗವನ್ನೇ ಕೆಡಿಸಿದ ಎನ್ನುವುದು, ಕೆಲಸ ಹೋಗುವುದಕ್ಕಿಂತ ದೊಡ್ಡ ಮಾತು. ಹೆಂಡತಿ ಶ್ವೇತ ಕೂಡ, "ನಿಜ ಹೇಳ್ರೀ, ಗೊತ್ತಿಲ್ದೆ ಏನಾದ್ರೂ ಒತ್ಬಿಟ್ರಾ?" ಎಂದು ಕೇಳಿದಳಂತೆ. ಇದನ್ನು ಮರುದಿನ ಬೆಳಿಗ್ಗೆ ಶಶಿ ನಗುತ್ತಲೇ ಪ್ರಮೋದಾಗೆ ಹೇಳಿದ. ಆ ನಗುವನ್ನು ನೋಡಲಾಗದೆ ಅವಳು, ಮಳೆಗಾಲದಲ್ಲಿ ಪಟ್ಟಿ ಮಾಡಿಟ್ಟುಕೊಂಡಿದ್ದ ಹಳೇ ಫೋಲ್ಡರುಗಳ ಹೆಸರು ತೆಗೆದುಕೊಂಡು ಕೂತಳು.

ನೆನಪಿನ ಭಾಗ ಬಂದಿದ್ದ ಶ್ರೀಧರನ ಫೋಲ್ಡರಿನ ಮೇಲೆ ಮಂಗಳವಾರ, ಎರಡು ಐವತ್ತು ಎಂದಿತ್ತು. ಶಶಿಯ ಕವಲಿನ ಮೇಲೆ ಅದೇ ಮಂಗಳವಾರ, ಎರಡು ಐವತ್ತೈದು. ಅವಳು ಶ್ರೀಧರನ ಬೇರೆ ಫೋಲ್ಡರುಗಳನ್ನೂ ನೋಡುತ್ತ ಹೋದಳು. ಇನ್ನೊಂದು ಮಂಗಳವಾರ, ಅದೂ ಎರಡು ಐವತ್ತು. ಶುಕ್ರವಾರ, ಹತ್ತು ಇಪ್ಪತ್ತು. ಮತ್ತೊಂದು ಶುಕ್ರವಾರವೂ ಹತ್ತು ಇಪ್ಪತ್ತು. ಸೋಮವಾರ, ಬೆಳಿಗ್ಗೆ ಏಳು ಇಪ್ಪತ್ತು. ಸೋಮವಾರ ಏಳು ಇಪ್ಪತ್ತಕ್ಕೆ ಈ ಕಚೇರಿಯ ಬೀಗ ತೆಗೆದವರು ಯಾರು? ಶ್ರೀಧರ್ ಎಂಟೂವರೆಗೆ ಮೊದಲು ಬಂದ ಆಸಾಮಿಯೇ ಅಲ್ಲ.

ಅವಳ ಕಣ್ಣು ತಾನಾಗಿಯೇ ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಸೋಮವಾರ ಏಳೂವರೆಗೆ ರಾಹುಕಾಲ. ಮಂಗಳವಾರ ಮೂರಕ್ಕೆ. ಶುಕ್ರವಾರ ಹತ್ತೂವರೆಗೆ. ಒಂದೊಂದು ಗಂಟೆಯೂ ರಾಹುಕಾಲದ ಹೊಸ್ತಿಲಲ್ಲಿ, ಹತ್ತು ನಿಮಿಷ ಈಚೆಗೆ ನಿಂತಿತ್ತು.

ಮಧ್ಯಾಹ್ನವೇ ರಾಮಲಿಂಗಯ್ಯನವರ ಮನೆಗೆ ಹೋದಳು. ಅವರು ಜಗಲಿಯ ಮೇಲೆ ಕೂತು ದಾರದ ಲಡಿ ಬಿಡಿಸುತ್ತಿದ್ದರು. ಕಣ್ಣು ಕಾಣದಿದ್ದರೂ ಬೆರಳುಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು.

"ಯಜಮಾನ್ರೆ, ಆ ಹಳೇ ಕಂಪ್ಯೂಟರಿನ ಗಡಿಯಾರ ಯಾರಾದ್ರೂ ಹಿಂದಕ್ಕೆ ತಿರುಗಿಸ್ತಿದ್ರಾ?"

"ತಿರುಗಿಸ್ತಿದ್ವಮ್ಮ. ಮಗ್ಗಕ್ಕೆ ಹೋಗೋ ವಸ್ತು ರಾಹುಕಾಲದಲ್ಲಿ ಹೊಸ್ತಿಲು ದಾಟಬಾರ್ದು. ಗಿರಾಕಿ ನೋಡಿದ್ರೆ ಬಾಗಿಲಲ್ಲಿ ನಿಂತು ಬಡ್ಕೊಳ್ತಿರ್ತಾನೆ. ಒಳ್ಳೇ ಗಳಿಗೆಗೆ ಹಾಕಪ್ಪ ಅಂತ ಶ್ರೀಧರಂಗೆ ಹೇಳ್ತಿದ್ದೆ. ಅವನು ಮುಳ್ಳು ಹಿಂದಕ್ಕೆ ಇಟ್ಟು, ಒಳಗೆ ಹಾಕಿ, ಮತ್ತೆ ಸರಿ ಮಾಡ್ತಿದ್ದ."

"ದೇವರಿಗೆ ಗೊತ್ತಾಗಲ್ವಾ ಯಜಮಾನ್ರೆ?"

"ದೇವರಿಗೆ ಗೊತ್ತಿತ್ತಮ್ಮ. ರಾಹುಗೆ ಗೊತ್ತಾಗದಿದ್ರೆ ಸಾಕಿತ್ತು."

ಹೇಳಿ ಅವರೇ ನಕ್ಕರು. ಅವಳಿಗೂ ನಗು ಬಂದೇ ಬಿಟ್ಟಿತು. ಆಮೇಲೆ ಶಶಿಯ ವಿಷಯ ಹೇಳಿದಳು. ಆ ಮಂಗಳವಾರ ಶಶಿ ಕವಲು ಒಡೆದಾಗ ನೆನಪಿನ ಭಾಗ ಇನ್ನೂ ಹುಟ್ಟಿಯೇ ಇರಲಿಲ್ಲ. ಶ್ರೀಧರ್ ಅದನ್ನು ಬರೆದದ್ದು ಆಮೇಲೆ, ರಾಹುಕಾಲದ ನಡುವೆ. ಗಡಿಯಾರ ಹಿಂದಕ್ಕೆ ಹೋದದ್ದರಿಂದ ಅದು ಮೊದಲಾಯಿತು, ಶಶಿಯದು ಆಮೇಲಾಯಿತು. ಇಲ್ಲದ್ದನ್ನು ಅವನು ತೆಗೆದನೆಂದು ಲೋಕಕ್ಕೆ ಕಾಣುತ್ತಿದೆ. ದೊಡ್ಡಂಚಿನವರ ಮನೆಯಲ್ಲಿ ಜನರೇಟರು ಇದ್ದದ್ದರಿಂದ ಅವರಿಗೆ ಆ ಭಾಗ ಬೇಕಾಗಲೂ ಇಲ್ಲ, ಕವಲಿಗೆ ಅದನ್ನು ಯಾರೂ ಸೇರಿಸಲೂ ಇಲ್ಲ.

ರಾಮಲಿಂಗಯ್ಯನವರ ಬೆರಳುಗಳು ಲಡಿಯ ಮೇಲೆ ನಿಂತವು.

"ಅವತ್ತು ಶಶೀನ ನಾನೇ ಗದರಿಸಿದ್ದೆ ಕಣಮ್ಮ. ಇನ್ನೇನು ಮೂರಾಗುತ್ತೆ, ರಾಹುಕಾಲ ಬರೋದ್ರೊಳಗೆ ಮುಗಿಸೋ ಅಂತ. ಪಾಪ, ಅವನು ಮುಗಿಸ್ದ. ತಿರುಗಿಸ್ದೋನಿಗೆ ಏನೂ ಆಗ್ಲಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಮಾಡ್ದೋನಿಗೆ ಆಯ್ತು." ಲಡಿಯನ್ನು ಪಕ್ಕಕ್ಕಿಟ್ಟು, "ಆ ಬೆಂಗಳೂರಿನವರ ಹತ್ರ ನಾನೇ ಮಾತಾಡ್ತೀನಿ, ಫೋನ್ ಮಾಡ್ಕೊಡು," ಎಂದರು.

ಫೋನು ಜಗಲಿಯ ಮೇಲಿಟ್ಟು ಇಬ್ಬರಿಗೂ ಕೇಳಿಸುವಂತೆ ಮಾಡಿದಳು. ರಾಮಲಿಂಗಯ್ಯ ತಮ್ಮ ಕಡೆಯದನ್ನೆಲ್ಲ, ಒಂದನ್ನೂ ಮುಚ್ಚಿಡದೆ, ಹೇಳಿದರು. ಅನಿಲ್‌ಕುಮಾರ್ ಪೂರ್ತಿ ಕೇಳಿಸಿಕೊಂಡ.

"ಸರ್, ನಿಮ್ಮ ಬಗ್ಗೆ ಗೌರವ ಇದೆ," ಎಂದ ಕೊನೆಗೆ. "ಆದ್ರೆ ನಾನು ಮೇಲಿನವರಿಗೆ ಏನಂತ ಬರೀಲಿ? ಕಾರಣ, ರಾಹುಕಾಲ ಅಂತಾನಾ?"

ಅವನ ಹಿಂದೆ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು. ರಾಮಲಿಂಗಯ್ಯ ಫೋನಿನ ಕಡೆ ಮುಖ ಮಾಡಿಕೊಂಡೇ ಕೂತಿದ್ದರು. ಪ್ರಮೋದಾ ಫೋನನ್ನು ಕೈಗೆತ್ತಿಕೊಂಡು ಅಂಗಳಕ್ಕೆ ಇಳಿದಳು.

"ಸಾರ್, ಶ್ರೀಧರ್‌ನ ಕೇಳಿ ಬೇಕಾದ್ರೆ."

"ಬೆಳಿಗ್ಗೆನೇ ಕೇಳಿದ್ದೆ ಮೇಡಂ. ಅಷ್ಟು ಹಳೇದು ಯಾರಿಗೆ ಗುರು ನೆನಪಿರುತ್ತೆ, ಇಲ್ಲಿ ಕಾರು ಕಾಯ್ತಿದೆ ಅಂದ್ರು."

"ಶಶಿಯ ಕವಲನ್ನ ನೋಡಿ ಸಾರ್. ಅಂಚಿನ ಅಗಲ ಒಂದು ಬಿಟ್ರೆ, ಶ್ರೀಧರನದಕ್ಕಿಂತ ಹಿಂದಿನ ನಕಲಿಗೆ ಅಕ್ಷರ ಅಕ್ಷರ ಹೊಂದುತ್ತೆ. ಅಲ್ಲಿಂದಲೇ ಒಡೆದದ್ದು ಅಂತ ಅದೇ ಹೇಳುತ್ತಲ್ಲ."

"ಗಮನ ಇಲ್ದೆ ಹಳೇ ಫೈಲನ್ನ ಮೇಲೆ ಹಾಕ್ಬಿಟ್ಟಿದಾರೆ ಅಂತಾನೂ ಹೇಳುತ್ತೆ ಮೇಡಂ."

ಹಳೇ ಯಂತ್ರವಾದರೂ ಇದ್ದಿದ್ದರೆ, ಗಡಿಯಾರ ತಿರುಗಿದ ಗುರುತು ಅದರ ಹೊಟ್ಟೆಯೊಳಗೆ ಎಲ್ಲಾದರೂ ಸಿಗುತ್ತಿತ್ತೋ ಏನೋ. ಗುಜರಿಯವನ ಗಾಡಿಗೆ ಅದನ್ನು ಎತ್ತಿಕೊಟ್ಟವಳು ಅವಳೇ.

"ಕವಲನ್ನ ತಪ್ಪು ಜಾಗಕ್ಕೆ ಕಟ್ಟಿದ್ದು ನಾನು ಸಾರ್. ನಾನೇ ಬಿಚ್ಚಿ ಸರಿಯಾದ ಕಡೆ ಕಟ್ತೀನಿ. ಅವಕಾಶ ಕೊಡಿ."

ಅನಿಲ್‌ಕುಮಾರನ ದನಿ ಈ ಸಲ ಮೆತ್ತಗಿತ್ತು. "ಮೇಡಂ, ನಿಮಗೆ ನಾನು ಹೇಳ್ಕೊಡ್ಬೇಕಾ? ಒಂದೊಂದು ಹೆಜ್ಜೆಯ ಗುರುತೂ ಅದರ ಹಿಂದಿನ ಹೆಜ್ಜೆಯಿಂದ ಹುಟ್ಟುತ್ತೆ. ಅಷ್ಟು ಹಿಂದೆ ಹೋಗಿ ಒಂದನ್ನ ಅಲ್ಲಾಡಿಸಿದ್ರೆ ಅಲ್ಲಿಂದ ಇವತ್ತಿನವರೆಗೂ ಎಲ್ಲಾ ಬದಲಾಗುತ್ತೆ. ಇಲ್ಲಿ ಮೂರು ತಂಡ ಅದರ ಮೇಲೇ ಕೆಲಸ ಮಾಡ್ತಿದೆ. ಒಂದ್ಸಲ ಹೊರಗೆ ಹೋದ ಇತಿಹಾಸಾನ ಯಾರೂ ಮುಟ್ಟಲ್ಲ."

"ಹಂಗಾದ್ರೆ ತಪ್ಪು ನಂದು ಅಂತಾದ್ರೂ ಬರೀರಿ. ಶಶಿ ಹೆಸರು ಬೇಡ."

"ಆಗಲ್ಲ ಮೇಡಂ. ನೀವು ತಂದ ಇತಿಹಾಸ ಸರಿ ಇದೆ ಅಂತ ನಾವೆಲ್ಲ ಒಪ್ಪಿ ಮುಂದಕ್ಕೆ ಹೋಗಿದೀವಿ. ಈಗ ಅದೇ ತಪ್ಪು ಅಂದ್ರೆ, ಮಿಕ್ಕಿದ್ದರಲ್ಲಿ ಯಾವುದು ಸರಿ ಅಂತ ಕೇಳ್ತಾರೆ. ಶಶಿಕುಮಾರ್ ಹೆಸರು ಬೆಳಿಗ್ಗೆನೇ ಮೇಲಕ್ಕೆ ಹೋಯ್ತು. ರಾಜೀನಾಮೆ ಕೊಟ್ರೆ ಗೌರವವಾಗಿ ಕಳಿಸ್ಕೊಡ್ತಾರೆ. ಅಷ್ಟು ಮಾತ್ರ ಮಾತಾಡಿದೀನಿ ನಾನು."

ಅವಳು ತಿರುಗಿ ನೋಡಿದಾಗ ರಾಮಲಿಂಗಯ್ಯ ಕೇಳಿದರು. "ಒಪ್ಪಿದ್ರೇನಮ್ಮ?"

"ನೋಡ್ತೀನಿ ಅಂದ್ರು ಯಜಮಾನ್ರೆ," ಎಂದಳು. ಅವರ ಮುಂದೆ ಆಡಿದ ಮೊದಲ ಸುಳ್ಳು ಅದು.

ಬಸ್ಸಿನಲ್ಲಿ ರಾಜಘಟ್ಟಕ್ಕೆ ಹಿಂದಿರುಗುವಾಗ ಅವಳಿಗೆ ಅಪ್ಪನ ನೆನಪಾಯಿತು. ಅಪ್ಪ ಭಜನೆ ಮನೆಯಲ್ಲಿ ಕಾವ್ಯ ಓದುತ್ತಿದ್ದರು. ಎಲೆ ಅಡಿಕೆ ಹಾಕಿಕೊಂಡು ಕೂತ ಊರಿನವರ ನಡುವೆ, ಕಂಬಕ್ಕೊರಗಿ, ಇವಳೂ ಕೇಳುತ್ತಿದ್ದಳು. ಒಂದು ಪದ್ಯದಲ್ಲಿ ಒಂದು ಕಡೆ ಮಾತು ಕೂಡುತ್ತಿರಲಿಲ್ಲ. ಸತ್ತವನೊಬ್ಬ ಮುಂದಿನ ಸಾಲಿನಲ್ಲಿ ಎದ್ದು ಬಾಣ ಬಿಡುತ್ತಿದ್ದ. ಇದು ತಪ್ಪಲ್ವಾ ಅಪ್ಪ ಎಂದರೆ, ತಪ್ಪೇ ಮಗಳೇ ಎನ್ನುತ್ತಿದ್ದರು. ಹಾಗಾದರೆ ಸರಿ ಮಾಡಿ ಓದಿ ಎಂದರೆ ತಲೆಯಾಡಿಸುತ್ತಿದ್ದರು. ಗುರುಗಳು ಕೊಟ್ಟದ್ದನ್ನು ನಾನು ತಿದ್ದಿದರೆ, ನಾಳೆ ನಾನು ಕೊಟ್ಟದ್ದನ್ನು ಇನ್ನೊಬ್ಬ ತಿದ್ದುತ್ತಾನೆ, ಕೊನೆಗೆ ಕಾವ್ಯವೇ ಉಳಿಯುವುದಿಲ್ಲ ಎನ್ನುವುದು ಅವರ ಮಾತು. ಆ ಮಾತು ಅವಳಿಗೆ ಬಹಳ ದೊಡ್ಡದಾಗಿ ಕೇಳಿಸುತ್ತಿತ್ತು. ಆದರೆ ಕಾವ್ಯದಲ್ಲಿ ಸತ್ತವನಿಗೆ ಹೆಂಡತಿ ಇರಲಿಲ್ಲ, ಅತ್ತೆ ಮನೆ ಇರಲಿಲ್ಲ. ಅನಿಲ್‌ಕುಮಾರನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಅವಳಿಂದ ಆಗಲಿಲ್ಲ. ಅವಳ ಜಾಗದಲ್ಲಿ ಬೇರೆಯವರು, ಅವನ ಜಾಗದಲ್ಲಿ ಅವಳು ಇದ್ದಿದ್ದರೆ ಅದೇ ಮಾತು ಹೇಳುತ್ತಿದ್ದಳು.

ಹೊಸ ಆವೃತ್ತಿಗೆ ನೆನಪಿನ ಭಾಗವನ್ನು ಶಶಿಯೇ ಮತ್ತೆ ಸೇರಿಸಿ, ಮಗ್ಗಗಳಿಗೆ ತಾನೇ ಮನೆಮನೆಗೆ ಹೋಗಿ ಹಾಕಿಬಂದ. ಕೆಲವರು ಅವನನ್ನು ಒಳಗೆ ಬಿಡಲಿಲ್ಲ, ಪೆನ್‌ಡ್ರೈವನ್ನು ಬಾಗಿಲಲ್ಲೇ ಈಸಿಕೊಂಡರು. ಅವನ ಅತ್ತೆಯ ಮನೆಯಲ್ಲಿ ನೀರು ಕೊಟ್ಟರು, ಕೂರು ಎನ್ನಲಿಲ್ಲ. ಕೊನೆಗೆ ರಾಜೀನಾಮೆ ಕೊಟ್ಟು, ಬೂದಿಗೆರೆಯ ಹತ್ತಿರ ಯಾವುದೋ ಗೋಡೌನಿನಲ್ಲಿ ಬಿಲ್ಲು ಬರೆಯುವ ಕೆಲಸ ಒಪ್ಪಿಕೊಂಡ. ಅಲ್ಲಿ ಮಗ್ಗದ ಸದ್ದು ಕೇಳಿಸುವುದಿಲ್ಲ ಎಂದ.

ಅವನು ಲ್ಯಾಪ್‌ಟಾಪು, ಗುರುತಿನ ಚೀಟಿ ಹಿಂದಿರುಗಿಸಲು ಬಂದ ದಿನ ಪ್ರಮೋದಾ ಅವನನ್ನು ತನ್ನ ಪಕ್ಕ ಕೂರಿಸಿಕೊಂಡಳು. ಇತಿಹಾಸವನ್ನು ಮುಟ್ಟದೆಯೇ, ಈ ಹೆಜ್ಜೆಯ ಬದಲು ಆ ಹೆಜ್ಜೆ ಎಂದು ತಿಳಿದುಕೋ ಎಂದು ತನ್ನ ಯಂತ್ರಕ್ಕೆ ಮಾತ್ರ ಹೇಳಿಡುವ ಒಂದು ದಾರಿ ಗಿಟ್‌ನಲ್ಲಿದೆ. ಸರಪಳಿ ಕಡಿಯುವುದಿಲ್ಲ, ಬೇರೆಯವರಿಗೆ ತೊಂದರೆಯಿಲ್ಲ, ಬೇರೆಯವರಿಗೆ ಅದು ತಿಳಿಯುವುದೂ ಇಲ್ಲ. ಆ ದಾರಿಯಲ್ಲಿ ಅವಳು ಕವಲನ್ನು ಸರಿಯಾದ ಜಾಗಕ್ಕೆ ಕಟ್ಟಿದ್ದಳು.

"ನೋಡು ಶಶಿ."

ಶಶಿ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಪರದೆಯ ಮೇಲೆ ಮುಖ್ಯ ಸಾಲು ಕೆಳಗಿನಿಂದ ಮೇಲಕ್ಕೆ ಬರುತ್ತಿತ್ತು. ಅವನ ಕವಲು, ನೆನಪಿನ ಭಾಗ ಹುಟ್ಟುವುದಕ್ಕಿಂತ ಕೆಳಗೆ, ಸದ್ದಿಲ್ಲದೆ ಬಲಕ್ಕೆ ತಿರುಗಿಕೊಂಡಿತ್ತು. ಅವನ ಹೆಸರಿನ ಮುಂದೆ ಅಂಚು ಅಗಲ ಮಾಡಿದ್ದು ಬಿಟ್ಟರೆ ಬೇರೆ ಯಾವ ಬದಲಾವಣೆಯೂ ಇರಲಿಲ್ಲ. ತೆಗೆದದ್ದು ಏನೂ ಇಲ್ಲ.

"ಈಗ ಕೇಳು ಅದನ್ನ, ಯಾರು ತೆಗೆದ್ರು ಅಂತ."

ಅವನು ಕೇಳಿದ. ತೆಗೆದವರ ಜಾಗದಲ್ಲಿ ಅವನ ಹೆಸರು ಬರಲಿಲ್ಲ. ಅವನು ಇನ್ನೊಂದು ಸಲ ಕೇಳಿದ.

"ಇದು ಎಲ್ಲರಿಗೂ ಕಾಣುತ್ತಾ ಅಕ್ಕ?"

"ಇಲ್ಲ ಶಶಿ. ಇದೊಂದರಲ್ಲಿ ಮಾತ್ರ."

"ಹೂಂ," ಎಂದ.

"ಫೋಟೊ ತೆಗೆದು ಕಳಿಸ್ಲಾ? ಶ್ವೇತಂಗೆ ತೋರಿಸ್ಬೋದು."

"ಬೇಡ ಅಕ್ಕ. ಅತ್ತೆ ನೋಡಿದ್ರೆ, ಇದನ್ನೂ ನೀನೇ ಬರ್ಕೊಂಡು ಬಂದ್ಯಾ ಅಂತಾರೆ."

ಕೆಳಗಿನ ಅಂಗಡಿಯಿಂದ ಕಾಫಿ ಬಂತು. ಅವನು ಲೋಟ ಕೈಯಲ್ಲಿ ಹಿಡಿದು ಕವಲನ್ನೇ ನೋಡುತ್ತ ಕೂತ. ಕಾಫಿ ಕೆನೆಗಟ್ಟಿತು. ಪರದೆ ತಾನಾಗಿ ಕತ್ತಲಾದಾಗಲೆಲ್ಲ ಪ್ರಮೋದಾ ಕೈ ಚಾಚಿ ಒಂದು ಕೀ ಒತ್ತಿ ಅದನ್ನು ಎಬ್ಬಿಸುತ್ತಿದ್ದಳು.